ಹಸುವಿನ ಚಿತ್ರದ ಡಬ್ಬಿ

ನನ್ನ ಮಗಳ ಮಗಳು ತುಮಕೂರಿನ ಕಾಲೇಜಿನಲ್ಲಿ ಡಬ್ಬಿಗಳ ಮೇಲೆ ಚಿತ್ರ ಬರೆಯುವ ಓದು ಓದುತ್ತಾಳೆ. ಅದಕ್ಕೂ ಒಂದು ಓದು ಇದೆಯಾ ಎಂದು ಕೇಳಿದ್ದೆ. ಇದೆಯಂತೆ. ಈ ವರ್ಷ ಚರ್ಮಕ್ಕೆ ಹಚ್ಚುವ ಕ್ರೀಮಿಗೆ ಹೆಸರು ಇಟ್ಟು, ಬಣ್ಣ ಹಾಕಿ, ಡಬ್ಬಿ ಮಾಡಿ ತೋರಿಸಬೇಕಿತ್ತು. ಇವಳು ಆರಿಸಿಕೊಂಡದ್ದು ಗಂಡಸು ಹೆಂಗಸು ಇಬ್ಬರೂ ನಾಚಿಕೆಯಿಲ್ಲದೆ ಕೈಗೆ ತೆಗೆದುಕೊಳ್ಳುವಂಥ ಕ್ರೀಮು. ಜೊತೆಯಲ್ಲಿ ಓದುವವರಿಗೆ ತೋರಿಸಿ, ಅವರೇನು ಹೇಳುತ್ತಾರೋ ಕೇಳಿಕೊಂಡು ತಿದ್ದಬೇಕು ಎಂದು ಮೇಷ್ಟ್ರು ಹೇಳಿದ್ದರು. ಅದಕ್ಕೆ ಒಂದು ಭಾನುವಾರ ಇಬ್ಬರನ್ನು ಶೆಟ್ಟಿಕೆರೆ ಬಸ್ಸಿನಲ್ಲಿ ನಮ್ಮ ಮನೆಗೇ ಕರೆತಂದಳು. ಒಬ್ಬಳು ಕನ್ನಡಕದ ಹುಡುಗಿ, ಇನ್ನೊಬ್ಬ ಕಿವಿಗೆ ಓಲೆ ಹಾಕಿಕೊಂಡ ಹುಡುಗ.

ಅವತ್ತು ನಮ್ಮಲ್ಲಿ ಅಟ್ಟದ ತೆಂಗಿನಕಾಯಿ ಇಳಿಸಿದ್ದೆವು. ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಗಂಡಾಳು ಸುಲಿಯುತ್ತಾನೆ. ಚಿಪ್ಪು ಒಡೆದು ಕೊಬ್ಬರಿ ಬಿಡಿಸುವುದು ಹೆಂಗಸರ ಕೆಲಸ. ಕೆಲಸ ಬೇರೆ, ಕೈ ಒಡೆಯುವುದು ಒಂದೇ. ಬಿರುಕಿಗೆ ಗಂಡು ಹೆಣ್ಣು ಗೊತ್ತಿಲ್ಲ.

ಮೊಮ್ಮಗಳು ಜಗಲಿಯ ಮೇಲೆ ಮೂರು ಡಬ್ಬಿ ಇಟ್ಟಳು. ಒಂದು ಬೂದಿ ಬಣ್ಣದ್ದು, ಒಂದು ಎಳನೀರು ಕಾಯಿಯ ಹಸಿರು, ಒಂದು ಕೊಬ್ಬರಿ ಸಿಪ್ಪೆಯ ಕಂದು. ಒಳಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆಗೆ ಜೇನುಮೇಣ ಕಾಯಿಸಿ ಹಾಕಿದ್ದಳು.

"ಬೂದಿ ಬಣ್ಣದ್ದು ಶೇವಿಂಗ್ ಕ್ರೀಮ್ ಥರ ಇದೆ. ನಮ್ಮಪ್ಪ ತಗೋತಾರೆ, ಅಮ್ಮ ಮುಟ್ಟಲ್ಲ" ಎಂದಳು ಕನ್ನಡಕದವಳು.

"ಹಸಿರು ನಮ್ಮಕ್ಕಂಗೆ ಹೇಳಿ ಮಾಡಿಸಿದ ಹಾಗಿದೆ" ಎಂದ ಹುಡುಗ. ಕಂದು ಡಬ್ಬಿಯನ್ನು ತಿರುಗಿಸಿ ನೋಡಿ ನಕ್ಕ. "ಇದು ಬುಡು, ಹಸಿನ ಮುಲಾಮು ಕಣೇ. ಒಂದು ಹಸು ಬರೆದುಬುಡು, ಕೊಟ್ಟಿಗೇಲಿ ಇಡಬಹುದು."

ಕನ್ನಡಕದವಳೂ ನಕ್ಕಳು. ನನ್ನ ಮೊಮ್ಮಗಳು ತಲೆ ತಗ್ಗಿಸಿದಳು. ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಅವಳು ಹೇಳುವವಳಲ್ಲ, ಹಾಗಾಗಿ ನಾನು ಹೇಳಿದೆ.

ನನ್ನ ಗಂಡ ಕಾಯಿ ಸುಲಿಯುವುದರಲ್ಲಿ ಗಟ್ಟಿಗ. ಸೋದರಮಾವನ ಮಗ, ಚಿಕ್ಕಂದಿನಿಂದ ನನ್ನ ಜೊತೆ ಕಿತ್ತಾಡಿ ಬೆಳೆದವನು. ಬದುಕಿದ್ದಾಗಲೂ ಅವನು ಅಂತಲೇ ಅಂದೆ, ಈಗ ಸತ್ತ ಎಂದು ಬಹುವಚನ ಬರುವುದಿಲ್ಲ. ಸಕ್ಕರೆ ಕಾಯಿಲೆ ಇತ್ತು. ಹಿಮ್ಮಡಿ ಗದ್ದೆ ಒಡೆದ ಹಾಗೆ ಒಡೆಯುತ್ತಿತ್ತು. ತಿಪಟೂರಿನ ಡಾಕ್ಟರಮ್ಮ ಒಂದು ಕ್ರೀಮು ಬರೆದುಕೊಟ್ಟರು, ದಿನಾ ಹಚ್ಚಬೇಕು, ಬಿಟ್ಟರೆ ಕಾಲಿಗೆ ಅಪಾಯ ಎಂದರು. ನಾನೇ ಕೊಂಡುತಂದೆ. ಡಬ್ಬಿಯ ಮೇಲೆ ಗೆಜ್ಜೆ ಹಾಕಿದ ಹೆಣ್ಣಿನ ಪಾದ.

"ಗೆಜ್ಜೆ ಒಂದು ಕಮ್ಮಿ ಆಗಿತ್ತು ನಂಗೆ. ಎತ್ತಿಡು ಅತ್ಲಾಗೆ" ಎಂದ.

ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ಒಡೆದರೆ ಹಚ್ಚುವ ಮುಲಾಮು ಇತ್ತು. ಮೇಲೆ ಹಸುವಿನ ಚಿತ್ರ. ಅದನ್ನು ಹಚ್ಚಿಕೊಳ್ಳುತ್ತಿದ್ದ. ಅವನೊಬ್ಬನೇ ಅಲ್ಲ, ನಮ್ಮ ಕಡೆ ಸುಲಿಯುವವರು ಬಹಳ ಜನ ಹಾಗೇ. ಹಸುವಿನ ಮುಲಾಮಿಗೆ ನಾಚಿಕೆಯಿಲ್ಲ, ಹೆಂಗಸಿನ ಕ್ರೀಮಿಗೆ ಉಂಟು.

"ಬೇರೆ ಡಬ್ಬಿಗೆ ಹಾಕಿಡಬಹುದಿತ್ತಲ್ಲ ಅಜ್ಜಿ" ಎಂದಳು ಕನ್ನಡಕದವಳು.

ಹಾಕಿದ್ದೆ. ಹಸುವಿನ ಡಬ್ಬಿ ಬಳಿದು ತೊಳೆದು ಕ್ರೀಮು ತುಂಬಿಟ್ಟಿದ್ದೆ. ಮುಚ್ಚಳ ತೆಗೆದು ಮೂಸಿದ. "ಯಾವ ಹಸ ಹೂ ಮುಡ್ಕಂಡೈತೆ ಇಲ್ಲಿ?" ಎಂದು ಡಬ್ಬಿಯನ್ನು ತಿಪ್ಪೆಗೆ ಎಸೆದ. ಮಾತು ಕೇಳಿ ನನಗೂ ನಗು ಬಂತು ಅವತ್ತು.

ಆಮೇಲೆ ಬಿರುಕಿಗೆ ಕೀವು ಬಂತು. ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಪಾದ. ಆಮೇಲೆ ಅವನೇ ಹೋದ. ಈ ಮೊಮ್ಮಗಳು ಆಗ ಸ್ಕೂಲಿನವಳು. ರಜಕ್ಕೆ ಬಂದಾಗ ಅವನ ಹಿಮ್ಮಡಿ ತೊಡೆಯ ಮೇಲಿಟ್ಟುಕೊಂಡು ಬಿರುಕಿನಲ್ಲಿ ಸಿಕ್ಕ ನಾರು ತೆಗೆಯುತ್ತಿದ್ದಳು. ಬೇರೆ ಯಾರಿಗೂ ಕಾಲು ಕೊಡುತ್ತಿರಲಿಲ್ಲ.

ಹುಡುಗ ಓಲೆ ಮುಟ್ಟಿಕೊಂಡು ಕೂತ. "ಸಾರಿ ಅಜ್ಜಿ" ಎಂದ.

"ನೀನ್ಯಾಕಪ್ಪ ಸಾರಿ? ಹಸಿನ ಮುಲಾಮಿನ ಹಂಗೇ ಐತೆ. ಹಂಗೇ ಇರ್ಲಿ ಅಂತ್ಲೇ ಅವಳು ಮಾಡಿರೋದು" ಎಂದೆ.

ಅಷ್ಟರಲ್ಲಿ ಸುಲಿಯುವವನು ನೀರು ಕುಡಿಯಲು ಬಂದ. ಮೊಮ್ಮಗಳು ಕಂದು ಡಬ್ಬಿ ಹಿಡಿದುಕೊಂಡು ಎದ್ದಳು.

"ಅಣ್ಣ, ಇದು ಹೆಂಗಿದೆ ನೋಡು."

ಅವನು ಕೈ ಒರೆಸಿಕೊಂಡು ತೆಗೆದುಕೊಂಡ. ಮೂಸಿದ. ಹೂವಿನ ವಾಸನೆ ಇರಲಿಲ್ಲ, ಬರೀ ಕೊಬ್ಬರಿ. "ಯಾರಿಗವ್ವ ಇದು?"

"ಎಲ್ಲರಿಗೂ. ಗಂಡಸರಿಗೂ, ಹೆಂಗಸರಿಗೂ."

"ಚೆನ್ನಾಗೈತೆ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡ. "ನಮ್ಮನೆಯವ್ಳಿಗೆ ಕೊಡ್ತೀನಿ."

"ನಿಂಗೇ ಅಣ್ಣ. ಕೈ ನೋಡು, ರಕ್ತ ಬರ್ತಿದೆ."

"ನಮ್ಗೇನು ಬುಡವ್ವ." ನೀರು ಕುಡಿದು ಹೋಗಿ ಮತ್ತೆ ಸುಲಿಯಲು ನಿಂತ.

ಸ್ನೇಹಿತರಿಬ್ಬರೂ ಸಂಜೆ ಬಸ್ಸಿಗೆ ಹೋದರು. ಹುಡುಗ ಹೋಗುವಾಗ ಕಂದು ಬಣ್ಣವನ್ನೇ ಇಟ್ಟುಕೋ ಎಂದು ಅವಳಿಗೆ ಹೇಳಿದ. ಬಸ್ಸು ಹೋದ ಮೇಲೆ ಅವಳು ನನ್ನ ಪಕ್ಕ ಕೂತು ಚಿಪ್ಪು ಬಿಡಿಸತೊಡಗಿದಳು. ಬುಟ್ಟಿ ಅರ್ಧ ತುಂಬಿದ ಮೇಲೆ ಕೇಳಿದಳು:

"ಅಜ್ಜಿ, ತಾತ ಆಗಿದ್ರೆ ಹಚ್ಕೋತಿದ್ರಾ?"

ಹೂಂ ಅಂದುಬಿಡಬಹುದಿತ್ತು. ಇಷ್ಟು ದಿನ ಅವಳು ಬಣ್ಣ ಕಲಸಿದ್ದು ಯಾರಿಗೆ ಎಂದು ನನಗೆ ಗೊತ್ತಾಗದೆ ಇಲ್ಲ. ಆದರೆ ಮನೆಮಂದಿಯ ಬಾಯಿಂದ ಸುಳ್ಳು ಕೇಳಲು ಅವಳು ಅಷ್ಟು ದೂರದಿಂದ ಬಂದಿರಲಿಲ್ಲ.

"ಇಲ್ಲ ಕಣವ್ವ" ಎಂದೆ. "ನಿಂಗೆ ಬೇಜಾರಾಗ್ತದೆ ಅಂತ ತಗೋತಿದ್ದ. ತಗಂಡು ನನ್ ಕೈಗೆ ಕೊಡ್ತಿದ್ದ."

ಅವಳು ಅಳಲಿಲ್ಲ. ಇನ್ನೊಂದು ಚಿಪ್ಪು ಎತ್ತಿಕೊಂಡಳು. ಅಭ್ಯಾಸವಿಲ್ಲದ ಕೈ, ಬೆರಳಿಗೆ ಸಿಬಿರು ಚುಚ್ಚಿತು. ತೆಗೆಯೋಣ ಎಂದು ಬೆರಳು ಹಿಡಿದೆ, ನನ್ನ ಮುದಿ ಕಣ್ಣಿಗೆ ಅದು ಕಾಣಲಿಲ್ಲ. ಅವಳೇ ಕಿತ್ತುಕೊಂಡಳು.