ಊಟ ಸೇರಿದ ಟಿಕೆಟ್ಟು

ಗುತ್ತಲಿನಲ್ಲಿ ಮಾಯಮ್ಮನ ಹಿಟ್ಟಿನ ಮಿಲ್ಲು ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ರಾಗಿ ಬೀಸಿಸಲು ಬಂದವರು ಬರೀ ಹಿಟ್ಟು ಹೊತ್ತುಕೊಂಡು ಹೋಗುವುದಿಲ್ಲ, ಊರ ಸುದ್ದಿಯನ್ನೂ ಜೊತೆಗೆ ಕಟ್ಟಿಕೊಂಡು ಹೋಗುತ್ತಾರೆ. ಮಾಯಮ್ಮನ ಕೈ ದೊಡ್ಡದು. ಇಲ್ಲದವರು ತಂದ ರಾಗಿಯನ್ನು ಎಷ್ಟೋ ಸಲ ಬಿಟ್ಟಿಯಾಗಿ ಬೀಸಿಕೊಟ್ಟಿದ್ದಾಳೆ. ಆದರೆ ಒಂದು ಕೆಟ್ಟ ಗುಣ. ಯಾರಾದರೂ ಮಾಡಿದ ಉಪಕಾರವನ್ನು ಮರೆತರೂ ಮರೆತಾಳು, ಅವಮಾನವನ್ನು ಮಾತ್ರ ಮರೆಯಳು. ಗಂಡ ಚಲುವರಾಜು ಸಕ್ಕರೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಸಾಧು ಪ್ರಾಣಿ. "ನಿನ್ ಒಟ್ಟೇಲಿ ಒಂದು ಹಗೇವು ಅದೆ ಕಣಮ್ಮಿ" ಅನ್ನುತ್ತಿದ್ದ. ಹಿಂದಿನವರು ರಾಗಿ ತುಂಬಿಡಲು ನೆಲದಲ್ಲಿ ಆಳವಾಗಿ ತೋಡುತ್ತಿದ್ದರಲ್ಲ, ಆ ಹಗೇವು. ಅದರಲ್ಲಿಟ್ಟದ್ದು ಎಷ್ಟು ವರ್ಷ ಕಳೆದರೂ ಹುಳು ಹಿಡಿಯುವುದಿಲ್ಲ.

ಆ ಹಗೇವಿನಲ್ಲಿ ತೀರಾ ತಳಕ್ಕೆ ಇದ್ದದ್ದು ಮಗಳು ವೀಣಳ ಬೀಗರೂಟ.

ಮಾಯಮ್ಮ ಹುಟ್ಟಿದ್ದು ಹೊಳಲಿನಲ್ಲಿ. ಅಪ್ಪ ತೀರಿಕೊಂಡಾಗ ಇನ್ನೂ ಲಂಗ ಹಾಕುವ ಹುಡುಗಿ. ಅಣ್ಣ ಪುಟ್ಟರಾಜು ಗದ್ದೆ ಉತ್ತು ತಂಗಿಯನ್ನು ಸಾಕಿದ, ಮದುವೆ ಮಾಡಿದ, ಅವಳು ಮಿಲ್ಲು ಹಾಕುತ್ತೇನೆ ಎಂದಾಗ ಕರೆಯುವ ಹಸುವನ್ನೇ ಮಾರಿ ಕೈಗೆ ಕೊಟ್ಟ. ಅಣ್ಣ ಎಂದರೆ ಅವಳಿಗೆ ದೇವರು, ಅದರಲ್ಲಿ ಎರಡು ಮಾತಿಲ್ಲ. ವೀಣಳನ್ನು ಮಳವಳ್ಳಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿರುವ ಜಯಪ್ರಕಾಶನಿಗೆ ಕೊಟ್ಟ ಮಾರನೇ ದಿನ ಗಂಡಿನ ಕಡೆಯವರು ತಮ್ಮೂರು ಹಲಗೂರಿನಲ್ಲಿ ಬೀಗರೂಟ ಇಟ್ಟರು. ಆ ಊಟದಲ್ಲಿ ಹೆಣ್ಣಿನ ಸೋದರಮಾವನಿಗೆ ಒಂದು ಮರ್ಯಾದೆ ಉಂಟು. ಅವನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಅವನ ಎಲೆಗೆ ಬಾಡು, ಅಂದರೆ ಮಾಂಸ, ಬಡಿಸಿದ ಮೇಲೆಯೇ ಉಳಿದವರಿಗೆ. ಅವತ್ತು ಹೊಳಲಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಪುಟ್ಟರಾಜು ಬಂದು ತಲುಪುವ ಹೊತ್ತಿಗೆ ಕೊನೇ ಪಂಕ್ತಿ. ತಪ್ಪಲೆಯಲ್ಲಿ ಉಳಿದದ್ದು ಬರಿ ಸಾರು. ಮುದ್ದೆ ಬಂತು, ಸಾರು ಬಂತು, ಒಂದು ತುಂಡು ಮೂಳೆಯೂ ಬರಲಿಲ್ಲ.

ಕಾಯಬಹುದಿತ್ತು, ಒಂದು ಪಾಲು ಎತ್ತಿಡಬಹುದಿತ್ತು. ಅದೂ ಹೋಗಲಿ, ಒಂದು ಸಮಾಧಾನದ ಮಾತಾಡಬಹುದಿತ್ತು. ಬೀಗಿತ್ತಿ ಪಟ್ಟಲಮ್ಮ, ಜಯಪ್ರಕಾಶನ ತಾಯಿ, ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಅಂದಳು: "ಒತ್ತಾರೆ ಬರೋರ್ಗೆ ಬಾಡು, ಒತ್ತು ಮೀರಿ ಬರೋರ್ಗೆ ಸಾರು. ನಾವೇನ್ ಮಾಡಾನ?"

ಪುಟ್ಟರಾಜು ಎರಡು ತುತ್ತು ಮುದ್ದೆ ನುಂಗಿ ಎಲೆ ಮಡಚಿ ಎದ್ದ. ಕೈ ತೊಳೆದುಕೊಂಡು ತಂಗಿಯ ಹತ್ತಿರ ಬಂದು "ಊಟ ಚೆಂದಾಗಿತ್ತು ಕಣವ್ವ" ಅಂದ. ಆ ಮಾತು ಮಾಯಮ್ಮನ ಕರುಳು ಕೊಯ್ದುಬಿಟ್ಟಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತಾರೆ. ಇಲ್ಲಿ ಹೋದದ್ದು ಒಂದು ಸೌಟು ಬಾಡಿನ ಸಲುವಾಗಿ. ಮುಂದಿನ ವರ್ಷ ಪುಟ್ಟರಾಜು ಎದೆನೋವು ಬಂದು ತೀರಿಕೊಂಡ. ತಿಥಿಗೆ ಬಂದ ಪಟ್ಟಲಮ್ಮ ಎಲ್ಲರಂತೆ ಸೆರಗು ಕಣ್ಣಿಗೆ ಒತ್ತಿಕೊಂಡು ಅತ್ತಳು. ಮಾಯಮ್ಮ ಅಳಲಿಲ್ಲ. ಇವಳನ್ನೂ ಒಂದು ದಿನ ತುಂಬಿದ ಪಂಕ್ತಿಯಲ್ಲಿ ಹಸಿದ ಹೊಟ್ಟೆಯಲ್ಲಿ ಕೂರಿಸದಿದ್ದರೆ ನಾನು ಹೊಳಲಿನ ಹೆಣ್ಣೇ ಅಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಹಾಕಿಕೊಂಡಳೇನೋ ಸರಿ, ತೀರಿಸುವುದು ಹೇಗೆ? ಮನೆಗೆ ಬಂದ ಬೀಗಿತ್ತಿಗೆ ಊಟ ಇಕ್ಕದೆ ಕಳಿಸಿದರೆ ಊರೇ ಉಗಿಯುತ್ತದೆ. ಇಕ್ಕಿದಳು. ಬಂದಾಗಲೆಲ್ಲ ಹಲ್ಲು ಕಚ್ಚಿಕೊಂಡು, ತುಪ್ಪ ಹಾಕಿ, ನಗುನಗುತ್ತಲೇ ಇಕ್ಕಿದಳು. ಮೊಮ್ಮಗಳು ದೀಪಿಕ ಹುಟ್ಟಿ, ನಡೆದು, ಶಾಲೆಗೂ ಸೇರಿದಳು. ಹಗೇವಿನ ಬಾಯಿ ಮುಚ್ಚಿಯೇ ಇತ್ತು.

ಈ ಬೇಸಿಗೆಯಲ್ಲಿ ವೀಣ ಫೋನು ಮಾಡಿದಳು. ದೀಪಿಕಳಿಗೆ ರಜೆ, ಬೆಂಗಳೂರು ದಾರಿಯಲ್ಲಿರುವ ನೀರಾಟದ ಪಾರ್ಕಿಗೆ ಹೋಗಬೇಕೆಂದು ಹಟ. ಎರಡು ಮನೆಯವರೂ ಒಟ್ಟಿಗೆ ಹೋಗೋಣ ಅಂತ ಜಯಪ್ರಕಾಶನ ಆಸೆ. ಟಿಕೆಟ್ಟನ್ನು ಮೊದಲೇ ಫೋನಿನಲ್ಲಿ ತೆಗೆದುಕೊಳ್ಳಬೇಕು. ಬರೀ ಒಳಗೆ ಬಿಡುವ ಟಿಕೆಟ್ಟು ಒಂದು, ಊಟವೂ ಸೇರಿದ ಟಿಕೆಟ್ಟು ಇನ್ನೊಂದು.

"ಯಾವ್ದ ತಗಳದು ಅವ್ವ? ಇವ್ರು ತೀರ್ಮಾನ ಆಗ್ದೆ ಕೂತವ್ರೆ. ಅತ್ತೇನ ಕೇಳುದ್ರೆ, ಬೀಗ್ತಿ ಏಳ್ದಂಗೇ ಆಗ್ಲಿ ಅಂತಾವ್ರೆ."

"ನಾಳೀಕೆ ಏಳ್ತೀನಿ" ಅಂದಳು ಮಾಯಮ್ಮ.

ಬೇರೆ ಯಾರಾದರೂ ಕೇಳಿದ್ದರೆ ಮಾಯಮ್ಮ ಅಲ್ಲೇ ಉತ್ತರ ಹೇಳಿಬಿಡುತ್ತಿದ್ದಳು. ತಿನ್ನುವ ಮುಂಚೆ ಊಟಕ್ಕೆ ದುಡ್ಡು ಕೊಡುವವರು ಅವಳ ಲೆಕ್ಕದಲ್ಲಿ ಪೆದ್ದರು. ದೀಪಿಕ ತಿನ್ನುವುದು ಗುಬ್ಬಿಯಷ್ಟು. ಚಲುವರಾಜು ಮೊಸರನ್ನ ಕಂಡರೆ ಬೇರೆ ಕಡೆ ತಿರುಗಿ ನೋಡುವವನಲ್ಲ. ಮನೆಯಿಂದ ಚಿತ್ರಾನ್ನ, ಕೋಡುಬಳೆ ಕಟ್ಟಿಕೊಂಡು ಹೋದರೆ ಆಯಿತಪ್ಪ ಎಂದುಕೊಂಡಿದ್ದಳು. ಅಷ್ಟರಲ್ಲಿ ಗೋಧಿ ಬೀಸಿಸಲು ನಜ್ಮುನ್ನೀಸಾ ಬಂದಳು. ಪಕ್ಕದ ಬೀದಿಯವಳು, ಮಗ ಹಸೀಬನ ಜೊತೆ ಹೋದ ವರ್ಷ ಅದೇ ಪಾರ್ಕಿಗೆ ಹೋಗಿ ಬಂದವಳು.

"ಬುತ್ತಿ ಕಟ್ಟೋ ಮಾತೇ ಇಲ್ಲ ಮಾಯಕ್ಕ. ಗೇಟಲ್ಲೇ ಬ್ಯಾಗು ತೆಗೆಸಿ ಡಬ್ಬಿ ಎಲ್ಲ ಎತ್ತಿಟ್ಕೋತಾರೆ. ಸಾಯಂಕಾಲ ಹೊರಗೆ ಬರುವಾಗ ವಾಪಸ್ ಕೊಡ್ತಾರೆ" ಅಂದಳು.

"ಹಂಗಾರೆ ಊಟದ ಟಿಕೆಟ್ಟೇ ವಾಸಿ ಅನ್ನು."

"ಎಲ್ಲಾ ತಿನ್ನೋರಿಗೆ ವಾಸಿ. ನೀರಲ್ಲಿ ನೆಂದಿರ್ತೀವಿ, ಪರ್ಸು ಹಿಡ್ಕೊಂಡು ತಿರುಗೋ ಹಾಗಿಲ್ಲ. ಕೈಗೆ ಒಂದು ಪಟ್ಟಿ ಕಟ್ಟಿರ್ತಾರೆ, ತೋರಿಸಿದ್ರೆ ಆಯ್ತು, ಬೇಕಾದಷ್ಟು ಬಡಿಸ್ಕೋಬಹುದು. ಮಕ್ಕಳಿಗಂತೂ ಹಬ್ಬ. ಆದ್ರೆ ಅದು ತಿನ್ನಲ್ಲ, ಇದು ಮುಟ್ಟಲ್ಲ ಅನ್ನೋರು ತಗೋಬಾರ್ದು. ಎಲ್ಲಾ ಒಂದೇ ಅಡುಗೆಮನೇಲಿ ಬೇಯಿಸ್ತಾರೆ. ಮಾಂಸ ಹಲಾಲೋ ಅಲ್ವೋ ಗೊತ್ತಿಲ್ಲ, ಸೌಟು ಇದರಿಂದ ಅದಕ್ಕೆ ಹೋಗ್ತಾ ಇತ್ತು. ನಾನು ಐಸ್‌ಕ್ರೀಮು ತಿಂದು ದಿನ ಕಳೆದೆ. ದುಡ್ಡು ಕೊಟ್ಟು ಉಪವಾಸ ಮಾಡಿದ ಹಾಗಾಯ್ತು."

ಒಳ್ಳೆಯದಕ್ಕೆ ಹೇಳಿದ ಮಾತು. ಹುಷಾರಾಗಿರು ಎಂದು ಹೇಳಿದ ಮಾತು. ಆದರೆ ಮಾಯಮ್ಮನಿಗೆ ಅದು ಕೇಳಿಸಿದ್ದೇ ಬೇರೆ ಥರ. ಪಟ್ಟಲಮ್ಮ ಮಾದಪ್ಪನ ಒಕ್ಕಲು. ಸೋಮವಾರ ಬಂತೆಂದರೆ ಅವಳಿಗೆ ಒಪ್ಪತ್ತು. ಬೆಳಿಗ್ಗೆ ಕಾಫಿ ಬಿಟ್ಟರೆ ಮಧ್ಯಾಹ್ನ ಒಂದೇ ಊಟ. ಬಾಡು ಬೆಂದ ಒಲೆಯ ಅನ್ನವನ್ನು ಆ ದಿನ ಅವಳು ಕೈಯಿಂದಲೂ ಮುಟ್ಟುವುದಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅವತ್ತು ಮಾಯಮ್ಮ ನಜ್ಮುನ್ನೀಸಾಳಿಂದ ಬೀಸಿದ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಯಾಕೆಂದು ಆ ಪುಣ್ಯಾತ್ಗಿತ್ತಿಗೆ ತಿಳಿಯಲೂ ಇಲ್ಲ.

ಮಾರನೇ ದಿನ ಅಳಿಯನೇ ಫೋನು ಮಾಡಿದ. "ಶನಿವಾರ ಹೋಗೋಣ ಅಂತ ಅತ್ತೆ."

"ಶನಿವಾರ ನಮ್ಮನೇಲಿ ತಿಮ್ಮಪ್ಪನ ವಾರ ಕಣಪ್ಪ, ನಾನ್ ಬಾಡು ಮುಟ್ಟಕಿಲ್ಲ. ಭಾನುವಾರ ಜನ ಇರುವೆ ಅಂಗೆ ಮುತ್ಕತಾರೆ. ಸೋಮವಾರ ಓಗಾನ. ಊಟ ಸೇರಿರೋದ್ನೇ ತಗೊ. ಮಗೀಗೆ ಅನುಕೂಲ ಆಯ್ತದೆ."

ಮನೆಯಲ್ಲಿ ವಾರ ಪಾಲಿಸುವವರು ಹೆಂಗಸರು. ಗಂಡಸರಿಗೆ ಅದು ಯಾವ ವಾರ ಎಂದು ಗೊತ್ತಾಗುವುದು ತಟ್ಟೆ ಮುಂದೆ ಬಂದಾಗ. ಜಯಪ್ರಕಾಶ "ಸರಿ ಅತ್ತೆ" ಅಂದು ಅಲ್ಲೇ ಟಿಕೆಟ್ಟು ತೆಗೆದೇಬಿಟ್ಟ. ಆಮೇಲೆ ವೀಣ ಫೋನು ಇಸಿದುಕೊಂಡಳು. "ಸೋಮವಾರನಾ ಅವ್ವ?" ಅಂದಳು. "ಊಂ ಕಣೆ, ಯಾಕೆ?" ಎಂದಳು ಮಾಯಮ್ಮ. ವೀಣ "ಏನಿಲ್ಲ ಬುಡು" ಎಂದು ಇಟ್ಟಳು.

ಸೋಮವಾರ ಬೆಳಿಗ್ಗೆ ಮಳವಳ್ಳಿಯಿಂದ ಕಾರಿನಲ್ಲಿ ಬಂದವರು ಮದ್ದೂರಿನಲ್ಲಿ ಕಾದಿದ್ದರು. ಮಾಯಮ್ಮ, ಚಲುವರಾಜು ಬಸ್ಸಿಳಿದು ಅವರನ್ನು ಕೂಡಿಕೊಂಡರು. ಹೋಟೆಲಿನಲ್ಲಿ ಎಲ್ಲರೂ ಇಡ್ಲಿ ತಿಂದರು. ಪಟ್ಟಲಮ್ಮ ಬರೀ ಕಾಫಿ ಕುಡಿದಳು. ವೀಣಳೂ ಕಾಫಿಯನ್ನೇ ಕುಡಿದಳು. ಮಾಯಮ್ಮನ ಕಣ್ಣು ಬೀಗಿತ್ತಿಯ ಮೇಲೇ ಇದ್ದದ್ದರಿಂದ ಮಗಳ ಲೋಟ ಅವಳಿಗೆ ಕಾಣಲಿಲ್ಲ.

ಪಟ್ಟಲಮ್ಮ ತನ್ನ ಬಟ್ಟೆಚೀಲ ತಟ್ಟಿ ತೋರಿಸಿದಳು. "ರಾಗಿ ರೊಟ್ಟಿ, ಉಚ್ಚೆಳ್ಳು ಚಟ್ನಿ ತಂದಿವ್ನಿ ಬೀಗ್ತಿ. ಒಳೀಕ್ ಬುಡ್ತಾರಾ?"

"ಬುಡ್ದೆ ಏನು? ಧಾರಾಳವಾಗಿ ಬುಡ್ತಾರೆ" ಅಂದಳು ಮಾಯಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಆ ಸುಳ್ಳು ಬೆಣ್ಣೆಯಂತೆ ಜಾರಿ ಬಂತು.

ಗೇಟಿನಲ್ಲಿ ಡಬ್ಬಿ ಎತ್ತಿಟ್ಟುಕೊಂಡರು. ಪಟ್ಟಲಮ್ಮ ಮಾಯಮ್ಮನ ಮುಖವನ್ನು ಒಂದು ಸಲ ನೋಡಿದಳು, ಅಷ್ಟೆ. ನೀರಾಟ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಊಟದ ಹಾಲಿನಲ್ಲಿ ಉದ್ದುದ್ದ ಮೇಜು, ಬಿರಿಯಾನಿಯ ಘಮಲು, ಒದ್ದೆ ತಲೆಯ ಮಕ್ಕಳ ಗಲಾಟೆ. ಮಾಯಮ್ಮ ತಟ್ಟೆಯ ತುಂಬ ಬಡಿಸಿಕೊಂಡಳು. ಬಿರಿಯಾನಿ, ಕೈಮ, ಮೇಲೆ ಎರಡು ತೊಡೆ. ಬಂದು ಪಟ್ಟಲಮ್ಮನ ಎದುರಿಗೇ ಕುಳಿತಳು.

ಆಹಾ, ಆ ಮೊದಲ ತುತ್ತು. ಇಷ್ಟು ವರ್ಷ ಹಲ್ಲು ಕಚ್ಚಿದ್ದಕ್ಕೆ ಸಿಕ್ಕ ಕೂಲಿ ಅದು. ಅಣ್ಣನನ್ನು ನೆನೆದು ತಿಂದಳು. ಪಟ್ಟಲಮ್ಮ ಖಾಲಿ ಮೇಜಿನ ಮೇಲೆ ಕೈಕಟ್ಟಿ ಕೂತಿದ್ದಳು. ಹಣೆಯಲ್ಲಿ ಬೆವರು, ತುಟಿ ಒಣಗಿತ್ತು. ಅತ್ತಿತ್ತ ಹೋಗುವವರೆಲ್ಲ ಈ ಮುದುಕಿ ಯಾಕೆ ತಿನ್ನುತ್ತಿಲ್ಲ ಎಂದು ನೋಡುತ್ತಿದ್ದರು. ನೋಡಲಿ. ಚೆನ್ನಾಗಿ ನೋಡಲಿ. ಮಾಯಮ್ಮ ಮೂಳೆಯನ್ನು ಸದ್ದಾಗುವಂತೆ ಚೀಪಿದಳು.

"ಯಾಕ್ ಬೀಗ್ತಿ, ಏನೂ ತಿಂತಿಲ್ವಲ್ಲ? ಪಾಪ, ವಾರ ಅಲ್ವಾ, ನಂಗ್ ಗ್ಯಾನನೇ ಇರ್ನಿಲ್ಲ" ಅಂದಳು.

ಪಟ್ಟಲಮ್ಮ ಬಾಯಿ ತೆರೆಯುವ ಮುಂಚೆ ವೀಣ ಬಂದಳು. ಅವಳ ಕೈಯಲ್ಲಿ ತಟ್ಟೆ ಇರಲಿಲ್ಲ, ಎರಡು ಲೋಟ ನೀರಿತ್ತು. ಒಂದನ್ನು ಅತ್ತೆಯ ಮುಂದೆ ಇಟ್ಟು, ಇನ್ನೊಂದನ್ನು ತಾನು ಹಿಡಿದುಕೊಂಡು ಅತ್ತೆಯ ಪಕ್ಕ ಕುಳಿತಳು.

"ನೀನ್ಯಾಕ್ ಬಡಿಸ್ಕಂಡ್ ಬರ್ನಿಲ್ಲ?"

"ಇವತ್ತು ಸೋಮವಾರ ಅಲ್ವಾ ಅವ್ವ."

"ನಮ್ಮನೇಲಿ ವಾರ ಇರೋದು ಶನಿವಾರ ಕಣೆ."

"ಅದು ನಿಮ್ಮನೇಲಿ" ಅಂದಳು ವೀಣ.

ಮಾಯಮ್ಮನ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಮದುವೆ ಮಾಡಿಕೊಟ್ಟ ಹೆಣ್ಣು ಹೋದ ಮನೆಯ ದೇವರಿಗೆ ಒಕ್ಕಲಾಗುತ್ತಾಳೆ. ಮಾಯಮ್ಮ ತಾನೇ ಹೊಳಲಿನಿಂದ ಬಂದಾಗ ತವರಿನ ವಾರ ಬಿಟ್ಟು ಚಲುವರಾಜನ ಮನೆಯ ಶನಿವಾರ ಹಿಡಿದವಳು. ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಪಟ್ಟಲಮ್ಮನ ವಾರವನ್ನು ಅಷ್ಟು ಜತನವಾಗಿ ಲೆಕ್ಕ ಹಾಕಿದವಳಿಗೆ, ಅದೇ ವಾರ ಮಗಳಿಗೂ ಉಂಟು ಎಂಬುದು ಹೊಳೆಯಲೇ ಇಲ್ಲ. ಹಗೆಗೆ ಒಂದೇ ಕಣ್ಣು.

"ಬೆಳಿಗ್ಗೆಯಿಂದ ಏನೂ ತಿಂದಿಲ್ವೇನೆ? ಮೊದ್ಲೇ ಏಳ್ಬಾರ್ದಿತ್ತಾ?"

"ನೀನು ಸೋಮವಾರನೇ ಆಗ್ಬೇಕು ಅಂದಾಗ್ಲೇ ಯಾಕೆ ಅಂತ ಗೊತ್ತಾಯ್ತು." ವೀಣಳ ದನಿ ಏರಲಿಲ್ಲ. "ಬೀಗರೂಟದಲ್ಲಿ ಮಾವನ್ನ ನಾನೂ ನೋಡಿದ್ದೆ ಅವ್ವ. ನಂಗೂ ಒಟ್ಟೆ ಉರಿದಿತ್ತು. ಬ್ಯಾಡ ಅನ್ನೋಕೆ ಬಾಯಿ ಬರ್ನಿಲ್ಲ. ಆದ್ರೆ ನೀನು ಮುಯ್ಯಿ ತೀರಿಸ್ಕಳೋ ದಿನ ನಾನು ಯಾರ್ ಪಕ್ಕ ಕೂರ್ಬೇಕು ಅಂತ ಒಂದ್ಸಲನಾದ್ರೂ ಯೋಚ್ನೆ ಮಾಡಿದ್ಯಾ?"

ಚಲುವರಾಜು ತಲೆ ಎತ್ತದೆ ಮೊಸರನ್ನ ಕಲಸುತ್ತಿದ್ದ. ಅಳಿಯನ ತಟ್ಟೆಯಲ್ಲಿ ಬಿರಿಯಾನಿ ಆರುತ್ತಿತ್ತು. ಅವನಿಗೆ ಈಗ ಯಾವ ವಾರ ಎಂದು ನೆನಪಾಗಿತ್ತು. ಪಟ್ಟಲಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಮಾಯಮ್ಮನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ನಾಚಿಕೆಯೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಗೆದ್ದವಳ ನೋಟ ಅದು. ಏಳಲು ಮಾಯಮ್ಮನಿಗೆ ಅಭಿಮಾನ ಬಿಡಲಿಲ್ಲ. ಅನ್ನ ಚೆಲ್ಲಲು ಮಿಲ್ಲಿನವಳ ಮನಸ್ಸು ಒಪ್ಪಲಿಲ್ಲ. ಹಸಿದ ಮಗಳ ಎದುರಿಗೆ ಕೂತು ಆ ತಟ್ಟೆಯನ್ನು ಕೊನೆಯ ಅಗುಳಿನ ತನಕ ತಿಂದು ಮುಗಿಸಿದಳು. ರುಚಿ ಏನಿತ್ತು ಎಂದು ಇವತ್ತಿಗೂ ಅವಳಿಗೆ ನೆನಪಿಲ್ಲ.

ಸಾಯಂಕಾಲ ಗೇಟಿನಲ್ಲಿ ಡಬ್ಬಿ ವಾಪಸು ಕೊಟ್ಟರು. ಅಲ್ಲೇ ಕಟ್ಟೆಯ ಮೇಲೆ ಕೂತು ಪಟ್ಟಲಮ್ಮ ರೊಟ್ಟಿ ಮುರಿದು, ಚಟ್ನಿ ಸವರಿ, ಮೊದಲ ತುಂಡನ್ನು ವೀಣಳ ಕೈಗಿಟ್ಟಳು. ಇಬ್ಬರೂ ಗಬಗಬನೆ ತಿಂದರು. ದೀಪಿಕ ಓಡಿಬಂದು "ಆ ಅಜ್ಜೀಗೂ ಒಂದ್ ಚೂರು ಕೊಡಿ" ಅಂದಳು.

"ಆವಮ್ಮಂಗೆ ಒಟ್ಟೆ ತುಂಬದೆ ಕಣ್ ಮಗ" ಅಂದಳು ಪಟ್ಟಲಮ್ಮ.

ಮಾಯಮ್ಮ ಮಗಳ ಮುಖ ನೋಡಿದಳು, ಅವಳಾದರೂ ಒಂದು ಮಾತು ಆಡುತ್ತಾಳೇನೋ ಎಂದು. ವೀಣ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, ಅತ್ತೆಯ ಕಡೆ ಇನ್ನೊಂದು ತುಂಡಿಗೆ ಕೈ ಚಾಚಿದ್ದಳು.