ಗಟ್ಟಿಯಾಗಿ ಮಾಡಿದ ಪ್ರಾರ್ಥನೆ

ನಿನ್ನನ್ನು ಹಿಡಿದುಕೊಟ್ಟವಳು ನಾನೇ, ರೇಣುಕಾ. ನನ್ನೊಬ್ಬಳನ್ನೇ ನಂಬಿ ನೀನು ಹೇಳಿದ ಗುಟ್ಟನ್ನು ನಾನು ನಿನ್ನ ಯಜಮಾನಿಯ ಎದುರಿಗೇ, ದೇವರ ಹೆಸರಿನಲ್ಲಿ, ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಹೇಳಿಬಿಟ್ಟೆ. ಬಾಯಿತಪ್ಪಿ ಬಂತು ಎಂದು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ — ಸುಳ್ಳು. ಬಾಯಿ ತಪ್ಪಿರಲಿಲ್ಲ.

ಅಂದು ಸಂಜಯನಗರದ ಆ ಮನೆಯಲ್ಲಿ ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಪ್ರಾರ್ಥನಾ ಕೂಟ. ಮನೆಯಾಕೆ ಶೀಲಾ, ಸಭಾ ಹಿರಿಯರ ಹೆಂಡತಿ. ಕಾಫಿ ಲೋಟ ಒಳಗಿಡಲು ಅಡುಗೆಮನೆಗೆ ಬಂದೆ. ಪಾತ್ರೆ ತೊಳೆಯುತ್ತಿದ್ದ ನೀನು ಒದ್ದೆ ಕೈಯಲ್ಲೇ ನನ್ನ ಸೆರಗು ಹಿಡಿದೆ. ಹದಿನಾಲ್ಕೋ ಹದಿನೈದೋ ಇರಬೇಕು ನಿನಗೆ.

"ಅಮ್ಮಾರ, ನನ್ನ ಊರಿಗೆ ಕಳಸ್ರೀ. ಸಾಲಿಗೆ ಹಾಕ್ತೀನಂತ ಹೇಳಿ ಕರಕೊಂಡ ಬಂದಾರ. ಅವ್ವಗ ಫೋನ್ ಸೈತ ಮಾಡಾಕ ಬಿಡೂದಿಲ್ರೀ. ಇವರಿಗಿ ಹೇಳಬ್ಯಾಡ್ರೀ ಮತ್ತ."

ಹೇಳಬ್ಯಾಡ್ರೀ ಎಂದಿದ್ದೆ ನೀನು. ಸ್ಪಷ್ಟವಾಗಿಯೇ ಕೇಳಿಸಿತ್ತು.

ನನಗೇನು ಗೊತ್ತಿರಲಿಲ್ಲವೇ? ಪ್ರತಿ ಭಾನುವಾರ ಅವರ ಕಾರಿನಲ್ಲೇ ಆರಾಧನೆಗೆ ಹೋಗುತ್ತಿದ್ದವಳು ನಾನು. ನೀನು ಒಳಗಿರುವಾಗಲೇ ಶೀಲಾ ಹೊರಗಿನಿಂದ ಬೀಗ ಹಾಕುವುದನ್ನು ಕಣ್ಣಾರೆ ಕಂಡಿದ್ದೆ. "ಕಾಲ ಸರಿ ಇಲ್ಲ ಸಿಸ್ಟರ್, ಹುಡುಗಿ ಸೇಫಾಗಿರ್ಲಿ ಅಂತ" ಎಂದಳು. ಹೌದೌದು ಎಂದು ತಲೆಯಾಡಿಸಿದೆ. ಅವರ ನಾಯಿಯನ್ನಾದರೂ ದಿನಕ್ಕೊಮ್ಮೆ ಬೀದಿಗೆ ಕರೆದೊಯ್ಯುತ್ತಿದ್ದರು.

ಶೀಲಾಳನ್ನು ನೇರವಾಗಿ ಕೇಳುವ ಧೈರ್ಯ ನನಗಿರಲಿಲ್ಲ. ದೇವರಿಗೆ ಹೇಳುವ ನೆಪದಲ್ಲಿ ಅವಳ ಕಿವಿಗೆ ಹಾಕಿದರೆ ಜಗಳವಿಲ್ಲದೆ ಕೆಲಸ ಆಗುತ್ತದಲ್ಲ ಎಂದುಕೊಂಡೆ. ನಮ್ಮ ಕೂಟದಲ್ಲಿ ಇದು ಮಾಮೂಲು. ಸೊಸೆಯ ಮೇಲಿನ ಸಿಟ್ಟನ್ನೂ ಪ್ರಾರ್ಥನೆಯಲ್ಲೇ ತೀರಿಸಿಕೊಳ್ಳುವವರು ನಾವು! ಅದರಲ್ಲೂ ನಾನು ಪ್ರಾರ್ಥನೆಗೆ ನಿಂತರೆ ಕಾಫಿ ಆರಿಹೋಗುತ್ತದೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಅಂದೂ ನಿಂತೆ.

"ಕರ್ತನೇ, ಈ ಮನೆಯಲ್ಲಿರುವ ಮಗಳು ರೇಣುಕಾ ಊರಿಗೆ ಹೋಗಬೇಕೆಂದು ಕಣ್ಣೀರಿಡುತ್ತಿದ್ದಾಳೆ. ಮನೆಯವರ ಮನಸ್ಸನ್ನು ಕರಗಿಸು ತಂದೆಯೇ..."

ಆಮೆನ್ ಎಂದು ಕಣ್ಣು ತೆರೆದರೆ ಅಡುಗೆಮನೆಯ ಬಾಗಿಲಲ್ಲಿ ನೀನು. ನನ್ನನ್ನೇ ನೋಡುತ್ತಿದ್ದೆ. ಆ ನೋಟ — ಬೇಡ, ಅದನ್ನು ಬರೆಯಲಾರೆ. ಶೀಲಾ ನಗುತ್ತ, "ಎಷ್ಟು ಚೆನ್ನಾಗಿ ಪ್ರಾರ್ಥನೆ ಮಾಡ್ತೀರಾ ಸಿಸ್ಟರ್" ಎಂದಳು.

ಮುಂದಿನ ಭಾನುವಾರ ನೀನು ಇರಲಿಲ್ಲ. "ಅವಳನ್ನ ತಂದುಬಿಟ್ಟಿದ್ದ ಹೆಂಗಸೇ ಬಂದು ಬೇರೆ ಮನೆಗೆ ಕರ್ಕೊಂಡು ಹೋದ್ಲು" ಎಂದಳು ಶೀಲಾ. ಯಾವ ಮನೆ, ಯಾವ ಹೆಂಗಸು — ಒಂದನ್ನೂ ಕೇಳದೆ ಅದೇ ಕಾರು ಹತ್ತಿ ಕೂತೆ. ಎಂಥ ಹೇಡಿ ನಾನು!

ಕಳ್ಳರು ಬಡಿದು ಬಿಸಾಡಿದ್ದವನನ್ನು ನೋಡಿಯೂ ಪಕ್ಕಕ್ಕೆ ಸರಿದು ಹೋದ ಬೈಬಲಿನ ಯಾಜಕನ ಕಥೆಯನ್ನು ನಾನೇ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳುತ್ತಿದ್ದೆ. ಅವನೇ ವಾಸಿ, ಸುಮ್ಮನೆ ದಾಟಿ ಹೋದ. ನಾನು ನಿಂತು, ಕಳ್ಳರನ್ನೇ ಕೂಗಿ ಕರೆದೆ.

ಕಳೆದ ತಿಂಗಳು ನಮ್ಮ ಸಭೆಗೆ ಒಬ್ಬ ವಕೀಲೆ ಬಂದು ಮಾನವ ಕಳ್ಳಸಾಗಣೆಯ ಬಗ್ಗೆ ಮಾತನಾಡಿದರು. ಓದಿಸುತ್ತೇವೆಂದು ಕರೆತರುವುದು, ಫೋನ್ ಕೊಡದಿರುವುದು, ಹೊರಗಿನಿಂದ ಬೀಗ — ಆಕೆ ಒಂದೊಂದೇ ಹೇಳುತ್ತಿದ್ದರೆ ನಾನು ಬೆರಳು ಮಡಚಿ ಎಣಿಸುತ್ತಿದ್ದೆ. ಪಕ್ಕದಲ್ಲಿ ಶೀಲಾ "ಅಯ್ಯೋ ಪಾಪ" ಎನ್ನುತ್ತಿದ್ದಳು!

ಪಾಸ್ಟರ್ ಬಳಿ ಹೋಗಿ ಎಲ್ಲ ಹೇಳಿದೆ. "ದುಡುಕಬೇಡಿ ಸಿಸ್ಟರ್, ಸಭೆಯ ಮರ್ಯಾದೆ ಪ್ರಶ್ನೆ. ಮೊದಲು ಪ್ರಾರ್ಥನೆ ಮಾಡೋಣ" ಎಂದರು.

"ಪ್ರಾರ್ಥನೆ ಆಗಿದೆ ಪಾಸ್ಟರ್. ಅದರಿಂದಲೇ ಆ ಹುಡುಗಿಗೆ ಹೀಗಾಗಿದ್ದು" ಎಂದು ಎದ್ದು ಬಂದೆ. ಸಿಟ್ಟು ಅವರ ಮೇಲೋ ನನ್ನ ಮೇಲೋ, ಇನ್ನೂ ತಿಳಿಯದು.

ನಿನ್ನೆ ಠಾಣೆಗೆ ಹೋಗಿ ಶೀಲಾಳ ಹೆಸರು ಹೇಳಿದೆ, ನಾನು ಮಾಡಿದ್ದನ್ನೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಮಹಿಳಾ ಪೊಲೀಸ್ ತಲೆಯೆತ್ತಿ, "ಹುಡುಗಿ ಯಾವೂರಮ್ಮ?" ಎಂದಳು.

"ಉತ್ತರ ಕರ್ನಾಟಕದ ಕಡೆ..."

"ಅಷ್ಟೇ ಹೇಳಿದ್ರೆ ಎಲ್ಲಿ ಅಂತ ಹುಡುಕೋದು? ಊರ ಹೆಸರು ಹೇಳಿ."

ಊರಿಗೆ ಕಳಿಸಿ ಎಂದು ನೀನು ಸೆರಗು ಹಿಡಿದು ಬೇಡಿದ್ದೆ, ರೇಣುಕಾ. ನಿನ್ನದು ಯಾವ ಊರು ಎಂದು ನಾನು ಕೇಳಿಯೇ ಇರಲಿಲ್ಲ.