ವೇಗ ಇಳಿದ ವರ್ಷ

ನಲವತ್ತಾರನೇ ವಯಸ್ಸಿಗೆ ಪೇಂಟರನ ಬಲ ಭುಜ ಕೈಕೊಟ್ಟಿತು. ವಾರದಲ್ಲಿ ಆರು ದಿನ ಕಂಡವರ ಮನೆಯ ಚಾವಣಿಗೆ ಬಣ್ಣ ಬಳಿದು, ಏಳನೆಯ ದಿನ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿ, ಇಪ್ಪತ್ತೆರಡು ವರ್ಷ ಬಿಡುವು ಕಾಣದ ಭುಜ ಅದು. ಒಂದು ಬೆಳಿಗ್ಗೆ ಬಾಚಣಿಗೆಯನ್ನು ತಲೆಯವರೆಗೆ ಎತ್ತಲಾರೆನೆಂದು ಹಟ ಹಿಡಿಯಿತು. ಅವನು ಎಡಗೈಯಲ್ಲಿ ಬಾಚಿಕೊಂಡು ಕೆಲಸಕ್ಕೆ ಹೋದ. ಯಾರಿಗೂ ಹೇಳಲಿಲ್ಲ.

ಬ್ಯಾಂಡಿನಲ್ಲಿದ್ದವರು ಮೂವರು. ನುಡಿಸುತ್ತಿದ್ದದ್ದು ಬ್ಲ್ಯಾಕ್ ಮೆಟಲ್. ಮುಖಕ್ಕೆ ಸುಣ್ಣದಂಥ ಬಿಳಿ, ಕಣ್ಣಿನ ಸುತ್ತ ಮಸಿ, ಜೇನುಗೂಡಿಗೆ ಕಲ್ಲು ಹೊಡೆದಂತೆ ಮೊರೆಯುವ ಗಿಟಾರು, ಒಂದು ಮಾತೂ ತಿಳಿಯದ ಕಿರುಚಾಟ, ಇವೆಲ್ಲದರ ಅಡಿಯಲ್ಲಿ ಉಸಿರಿಗೂ ಜಾಗ ಬಿಡದ ಡ್ರಮ್ಸ್. “ಆರು ದಿನ ಗೋಡೆಗೆ ಬಳಿದದ್ದು ಸಾಲ್ದು ಅಂತ ಭಾನುವಾರ ಮುಖಕ್ಕೂ ಬಳ್ಕೋತಾರೆ,” ಎಂದು ಅವನ ಹೆಂಡತಿ ನೆಂಟರೆದುರು ನಗಾಡುತ್ತಿದ್ದಳು.

ಗಿಟಾರಿನವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಕಿರುಚುವವನು ಲಾರಿ ಆಫೀಸಿನ ಗುಮಾಸ್ತ, ಅಡ್ಡಹೆಸರು ಗಂಟಲು. ಆಫೀಸಿನಲ್ಲಿ ಅವನು ಮಾತಾಡಿದರೆ ಎದುರಿಗಿದ್ದವರು ಕಿವಿ ಮುಂದೆ ತರಬೇಕಿತ್ತು.

ಅಭ್ಯಾಸ ನಡೆಯುತ್ತಿದ್ದದ್ದು ಪ್ರಿಂಟಿಂಗ್ ಪ್ರೆಸ್ಸೊಂದರ ಹಿಂದಿನ ಗೋದಾಮಿನಲ್ಲಿ. ಸೂರು ಮುಟ್ಟುವಂತೆ ಪೇರಿಸಿದ ಕಾಗದದ ಕಟ್ಟುಗಳು ಸದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದವು. ಒಂದು ಭಾನುವಾರ ಬೆಳಿಗ್ಗೆ ಕನ್ನಡಕ ಹೊಸ ಹಾಡು ತಂದ. ನಿಧಾನದ್ದು, ಎಳೆದೆಳೆದು ಸಾಗುವಂಥದ್ದು, ದಾರಿಯಲ್ಲಿ ಹೋಗುವಾಗ ಗುನುಗಬಹುದಾದ ರಾಗ.

“ಏನೋ ಇದು, ಮಗು ಮಲಗಿಸೋ ಹಾಡಾ?” ಎಂದ ಪೇಂಟರ್.

“ಬಾರಿಸಿ ನೋಡು. ಆಮೇಲೆ ಬೈಯಿ.”

ಬಾರಿಸಿದ. ಮನಸಾರೆ ಬೈದ. ಆದರೆ ಅಂದು ಮನೆಗೆ ಹೋಗುವಾಗ ಸೈಕಲ್ಲಿನ ಹ್ಯಾಂಡಲ್ ಹಿಡಿದಾಗ ಬಲ ಭುಜ ನೋಯಲಿಲ್ಲ. ಎಷ್ಟೋ ತಿಂಗಳ ಮೇಲೆ ಹಾಯೆನಿಸಿತ್ತು. ಹಾಗೆನಿಸಿದ್ದಕ್ಕೇ ಅವನಿಗೆ ನಾಚಿಕೆಯೂ ಆಯಿತು. ಮುಂದಿನ ವಾರಗಳಲ್ಲಿ ಅಂಥವೇ ನಾಲ್ಕು ಹಾಡು ಬಂದವು. ಪ್ರತಿ ಹಾಡಿಗೂ ಅವನು ಗೊಣಗಿದ, ಪ್ರತಿ ಹಾಡನ್ನೂ ಬಾರಿಸಿದ.

ಒಂದು ಮಧ್ಯಾಹ್ನ ಸಣ್ಣ ಸಭಾಂಗಣವೊಂದರಲ್ಲಿ ಕಾರ್ಯಕ್ರಮವಿತ್ತು. ಅರವತ್ತು ಜನ ಸೇರಿದ್ದರು. ಮೂರನೇ ಹಾಡು ಮುಗಿಯುವ ಹೊತ್ತಿಗೆ, ಹದಿನೈದು ವರ್ಷದಿಂದ ಒಂದು ಕಾರ್ಯಕ್ರಮವನ್ನೂ ತಪ್ಪಿಸದ ಗಡ್ಡದವನೊಬ್ಬ ಎದ್ದು ನಿಂತು, “ಕನ್ನಡಕ, ಮೆತ್ತಗಾಗ್ಬಿಟ್ಯಲ್ಲೋ! ಯಾರನ್ನ ಮೆಚ್ಸೋಕೆ ಹೊರಟಿದೀಯ?” ಎಂದು ಕೂಗಿ ಹೊರನಡೆದ. ಅವನ ಹಿಂದೆ ಅರ್ಧ ಸಭೆಯೇ ಎದ್ದಿತು. ಕನ್ನಡಕ ತಲೆ ಎತ್ತದೆ ತಂತಿ ಬಿಗಿಮಾಡುತ್ತ ಕೂತ.

ಸಂಜೆ ಹೆಂಡತಿ ಬಿಸಿನೀರಿನ ಬಟ್ಟೆ ಹಿಂಡಿ ಭುಜಕ್ಕೆ ಕಾವು ಕೊಡುತ್ತಿದ್ದಳು.

“ಬಡ್ಕೊಂಡೆ ಅವನಿಗೆ. ಕೇಳ್ಲಿಲ್ಲ. ಈಗ ಅನುಭವಿಸ್ಲಿ,” ಎಂದ ಪೇಂಟರ್.

ಅವಳ ಕೈ ನಿಂತಿತು. “ಅವರನ್ನ ಅನ್ಬೇಡಿ. ನಾನೇ ಅವರ ಅಂಗಡಿಗೆ ಹೋಗಿ ಹೇಳ್ದೆ. ಇವರ ಶರ್ಟಿನ ಗುಂಡಿ ನಾನು ಹಾಕ್ತಿದೀನಿ ಅಂತ.”

“ಯಾಕೆ ಹೇಳ್ದೆ?”

“ನೀವು ಹೇಳ್ತಿರ್ಲಿಲ್ವಲ್ಲ.”

ಅವನು ಭುಜದ ಮೇಲಿನ ಬಟ್ಟೆ ತೆಗೆದಿಟ್ಟು ಎದ್ದುಹೋದ. ಮಾರನೆಯ ದಿನ ಊಟದ ಬಿಡುವಿನಲ್ಲಿ, ಉಗುರಿನ ಬಣ್ಣವನ್ನೂ ತೊಳೆಯದೆ ನೇರವಾಗಿ ಕನ್ನಡಕದ ಅಂಗಡಿಗೆ ಹೋದ.

“ನನ್ನನ್ನ ನೋಡಿ ಅಯ್ಯೋ ಪಾಪ ಅನ್ನಿಸ್ತಾ ನಿಂಗೆ?”

ಗಾಜು ಉಜ್ಜುವ ಯಂತ್ರ ಆರಿಸಿ ಕನ್ನಡಕ ಪುಡಿ ಊದಿದ. “ಅರ್ಧ ನಿನ್ನ ಭುಜ ಕಣೋ. ಇನ್ನರ್ಧ ನಾನು. ಆ ರಾಗಗಳು ಎಂಟು ವರ್ಷದಿಂದ ನನ್ನ ಹತ್ರ ಇದ್ವು. ತಂದ್ರೆ ನೀನು ಕೋಲು ಬಿಸಾಕಿ ಹೋಗ್ತೀಯ ಅಂತ ಹೆದರಿದ್ದೆ. ನಿನ್ನ ಭುಜ ಹೋಯ್ತು ಅಂತ ಗೊತ್ತಾದಾಗ, ಸುಳ್ಳು ಯಾಕೆ ಹೇಳ್ಲಿ, ಒಳಗೊಳಗೇ ಖುಷಿಯಾಯ್ತು.”

ಪೇಂಟರ್ ಸ್ಟೂಲಿನ ಮೇಲೆ ಕುಸಿದು ಕೂತ. ಸಿಟ್ಟು ಬರಬೇಕಿತ್ತು. ಅದಕ್ಕೆ ಬೇಕಾದ ಕಸುವೂ ಅವನಲ್ಲಿ ಉಳಿದಿರಲಿಲ್ಲ. “ನಂಗೂ ಮೊದಲ ದಿನವೇ ಆರಾಮ ಅನ್ನಿಸಿತ್ತು,” ಎಂದ ಕೊನೆಗೆ. “ಜನಕ್ಕೆ ಹೇಳ್ತೀನಿ ಬಿಡು, ಇದೆಲ್ಲ ನನ್ನ ದೆಸೆಯಿಂದ ಅಂತ. ನೀನ್ಯಾಕೆ ಬೈಸ್ಕೋಬೇಕು?”

“ಬೇಡ. ಆಮೇಲೆ ಅವರು ಹಾಡು ಕೇಳಲ್ಲ, ನಿನ್ನ ಭುಜ ನೋಡ್ತಾ ಕೂತಿರ್ತಾರೆ.”

ನಿಧಾನದ ಹಾಡು ಸುಲಭ ಎಂದುಕೊಂಡಿದ್ದ ಪೇಂಟರನಿಗೆ ಆಮೇಲೆ ಅದರ ಕಷ್ಟ ಗೊತ್ತಾಯಿತು. ಮೊದಲು ಸಾವಿರ ಪೆಟ್ಟಿನ ನಡುವೆ ಒಂದು ತಪ್ಪಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ಒಂದೊಂದು ಪೆಟ್ಟೂ ಒಂಟಿಯಾಗಿ ನಿಲ್ಲುತ್ತಿತ್ತು. ತಪ್ಪಿದ, ತಿದ್ದಿಕೊಂಡ, ಮತ್ತೆ ತಪ್ಪಿದ. ಚಾವಣಿ ಕೆಲಸ ಬಿಟ್ಟು ಎದೆಯೆತ್ತರದ ಗೋಡೆಗಳನ್ನಷ್ಟೇ ಒಪ್ಪಿಕೊಳ್ಳತೊಡಗಿದ. ಮುಂದಿನ ಕಾರ್ಯಕ್ರಮಕ್ಕೆ ಬಂದವರು ಮೂವತ್ತೇ ಜನ. ಗಡ್ಡದವನು ಬರಲಿಲ್ಲ.

ಗಂಟಲು ಮಾತ್ರ ಇಷ್ಟಾದರೂ ಕಿರುಚುವುದನ್ನು ಬಿಟ್ಟಿರಲಿಲ್ಲ. ಒಂದು ಭಾನುವಾರ ಗೋದಾಮಿನಲ್ಲಿ, ಹಳೆಯ ಹಾಡೊಂದನ್ನು ಹೊಸ ರಾಗಕ್ಕೆ ಇಳಿಸುವಾಗ, ಅವನು ಕಣ್ಣು ಮುಚ್ಚಿ ಮೊದಲ ಸಲ ತನ್ನ ಸ್ವಂತ ದನಿಯಲ್ಲಿ ಹಾಡಿದ. ಪದಗಳು ಬಿಡಿಬಿಡಿಯಾಗಿ ಕೇಳಿಸಿದವು. ಆಸ್ಪತ್ರೆಯ ಮಂಚ, ಮಡಚಿಟ್ಟ ಅಂಗಿ, ಕರೆದರೂ ಏಳದ ಅಣ್ಣ. ಇಪ್ಪತ್ತೆರಡು ವರ್ಷ ಅವನ ಬೆನ್ನ ಹಿಂದೆ ಕೂತು ಅದೇ ಹಾಡಿಗೆ ಬಾರಿಸಿದ್ದರೂ ಅದು ಅವನ ಅಣ್ಣನ ಸಾವಿನ ಹಾಡೆಂದು ಪೇಂಟರನಿಗೆ ಗೊತ್ತಿರಲಿಲ್ಲ.

ಹಾಡು ಮುಗಿಯಿತು. ಮೂವರೂ ಕಾಗದದ ಕಟ್ಟುಗಳಿಗೆ ಒರಗಿ ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

“ಇನ್ನೊಂದ್ಸಲ ನೋಡೋಣ್ವಾ?” ಎಂದ ಕನ್ನಡಕ.

“ಐದು ನಿಮಿಷ ತಡ್ಕೊಳ್ರೋ,” ಎಂದ ಪೇಂಟರ್.